ಸೊನ್ನೆಗೆ ಅಂಜಿದ ಬಾಯಾರು

ಮಲ್ಲಸಮುದ್ರದಿಂದ ಫೋನು ಬಂದಾಗ ನಾನು ಪಂಚರ್ ಅಂಗಡಿಯ ಮುಂದೆ ಬೈಕು ಬಿಟ್ಟು ನಿಂತಿದ್ದೆ. ಬಾಯಾರ ತಮ್ಮನ ಮಗ ಮಾತಾಡುತ್ತಿದ್ದ. ‘ಅತ್ತಿ ತೀರಿಕೊಂಡ್ರು ರೀ. ಮಕ್ಕೊಂಡಲ್ಲೇ ಹೋಗ್ಯಾರ’ ಎಂದ. ಅಂಥ ಹೊತ್ತಿನಲ್ಲಿ ಮನಸ್ಸಿಗೆ ಏನು ಬರಬೇಕೋ ಅದು ಬರುವುದಿಲ್ಲ. ಸದ್ಯ, ಅಂಜುವುದಕ್ಕೆ ಅವರಿಗೆ ವೇಳೆ ಸಿಗಲಿಲ್ಲ ಎಂದು ನನಗೆ ಮೊದಲು ಅನಿಸಿತು. ಆಮೇಲೆ, ಅಂಗಡಿಯವನು ಟ್ಯೂಬನ್ನು ನೀರಿಗೆ ಅದ್ದುತ್ತಿದ್ದುದನ್ನು ನೋಡುತ್ತ ನಿಂತವನಿಗೆ ಅಳು ಬಂತು.

ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಬಾಯಾರು ಎನ್ನುತ್ತಾರೆ. ಇವರು ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತ ಕಲಿಸಿ, ನಡುವಯಸ್ಸಿನಲ್ಲಿ ಹಟ ಹಿಡಿದು ಕಂಪ್ಯೂಟರ್ ಕಲಿತು, ಗದಗಿನ ಒಂದು ಟ್ರಸ್ಟ್ ಆಸ್ಪತ್ರೆಯ ರಕ್ತನಿಧಿಗೆ ಬಂದವರು. ಅವರ ಹುದ್ದೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ಅದು ಯಾರ ಬಾಯಲ್ಲೂ ನಿಲ್ಲಲಿಲ್ಲ, ಬಾಯಾರು ಎಂಬುದೇ ನಿಂತಿತು. ಕಂಪ್ಯೂಟರ್ ವಿಭಾಗವೆಂದರೆ ಅವರು ಮತ್ತು ನಾನು, ಇಬ್ಬರೇ.

ಅವರಷ್ಟು ಅಂಜುಬುರುಕ ಮನುಷ್ಯರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ನಾಯಿಗೆ ಅಂಜುತ್ತಿದ್ದರು, ಸಿಡಿಲಿಗೆ ಅಂಜುತ್ತಿದ್ದರು, ಕುಕ್ಕರಿನ ಸೀಟಿಗೆ ಅಂಜುತ್ತಿದ್ದರು. ಮಲ್ಲಸಮುದ್ರದಿಂದ ಟಂಟಂ ಹತ್ತಿದರೆ ಅಂಚಿನಲ್ಲಿ ಕೂರುವವರಲ್ಲ. ಇಬ್ಬರ ನಡುವೆ ತೂರಿಕೊಂಡು, ಮುಂದಿನ ಕಬ್ಬಿಣದ ಸರಳನ್ನು ಎರಡೂ ಕೈಯಿಂದ ಹಿಡಿದು, ಗಾಡಿಯನ್ನು ತಾವೇ ಓಡಿಸುತ್ತಿರುವವರಂತೆ ಕೂರುತ್ತಿದ್ದರು. ಆಸ್ಪತ್ರೆಯ ಲಿಫ್ಟಿಗೆ ಒಮ್ಮೆಯೂ ಕಾಲಿಟ್ಟವರಲ್ಲ. ಮೆಟ್ಟಿಲನ್ನಾದರೂ ನಂಬುತ್ತಿದ್ದರೇ ಎಂದರೆ ಅದೂ ಇಲ್ಲ. ಒಂದೊಂದು ಮೆಟ್ಟಿಲ ಮೇಲೂ ಎರಡೂ ಪಾದ ಇಟ್ಟು, ನಿಂತು, ಆಮೇಲೆ ಮುಂದಿನದು.

‘ಬಾಯಾರ, ಜೀವಕ್ಕೂ ಒಂದು ನಕಲು ತಗದು ಇಟ್ಟೀರೇನು?’ ಎಂದು ನಾನು ಒಮ್ಮೆ ಕೇಳಿದ್ದೆ. ಯಾಕೆಂದರೆ ಕಂಪ್ಯೂಟರಿನಲ್ಲಿದ್ದ ಪ್ರತಿಯೊಂದಕ್ಕೂ ಅವರು ನಕಲು ತೆಗೆದು, ಆ ನಕಲಿಗೊಂದು ನಕಲು ತೆಗೆದು ಇಡುತ್ತಿದ್ದರು.

‘ಇಟ್ಟಿದ್ರ ನಿನಗ ಹೇಳ್ತಿದ್ದೆ ಏನು? ನೀ ಅದನ್ನೂ ಅಳಿಸಿಬಿಡಾಂವ’ ಎಂದರು. ನಗುವುದಕ್ಕೆ ಮಾತ್ರ ಅವರಿಗೆ ಅಂಜಿಕೆ ಇರಲಿಲ್ಲ.

ಆದರೆ ಒಂದು ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. ನಮ್ಮ ಮಂದಿ ಮಾತಿಗೊಮ್ಮೆ ‘ಆತು’ ಎನ್ನುತ್ತಾರೆ. ಊಟ ಆತು, ಕೆಲಸ ಆತು, ಬರ್ತೀನಿ ಅಂದರೂ ಆತು. ಬಾಯಾರು ಮಾತ್ರ ‘ಆದಂಗ ಕಾಣಸ್ತೈತಿ’ ಎನ್ನುವರು. ಸಂಬಳ ಖಾತೆಗೆ ಬಂದರೂ ‘ಬಂದಂಗ ಕಾಣಸ್ತೈತಿ’. ಆಡಳಿತದವರಿಗೆ ಇದು ತಲೆನೋವು. ಕೆಲಸ ಮುಗಿಯಿತೋ ಇಲ್ಲವೋ ಎಂದು ಕೇಳಿದರೆ ಹೀಗೆ ಹೇಳುವ ಹೆಣ್ಣುಮಗಳಿಂದ ಯಾವ ಮೀಟಿಂಗು ತಾನೇ ಮುಗಿದೀತು.

‘ಇಲ್ಲ’ ಎಂಬುದು ಅವರಿಗಾಗದ ಇನ್ನೊಂದು ಶಬ್ದ. ಮನೆಯಲ್ಲಿ ಅಕ್ಕಿ ತೀರಿದರೆ ನಮ್ಮ ಹೆಣ್ಣುಮಕ್ಕಳು ಅಕ್ಕಿ ಇಲ್ಲ ಎನ್ನುವುದಿಲ್ಲ, ಹೆಚ್ಚಾಗೇತಿ ಎನ್ನುತ್ತಾರೆ. ಬಾಯಾರು ಆ ರೂಢಿಯನ್ನು ಕಂಪ್ಯೂಟರಿಗೂ ಕಲಿಸಿದ್ದರು. ಹುಡುಕಿದ ಹೆಸರು ದೊರೆಯದಿದ್ದರೆ ಪರದೆಯ ಮೇಲೆ ‘ದಾಖಲೆ ಇಲ್ಲ’ ಎಂದು ಬರುತ್ತಿತ್ತು. ಕಂಪನಿಯವರ ಬೆನ್ನು ಹತ್ತಿ ಅದನ್ನು ‘ಸಿಗಲಿಲ್ಲ, ಇನ್ನೊಮ್ಮೆ ನೋಡಿರಿ’ ಎಂದು ಮಾಡಿಸಿದರು. ನಾನು ಕಾಡಿಸಿದಾಗ ಹೇಳಿದ ಮಾತು ನೆನಪಿದೆ. ‘ಅದಕ್ಕೇನು ಗೊತ್ತು ತಮ್ಮಾ, ಐತೋ ಇಲ್ಲೋ ಅಂತ. ತನಗ ಸಿಗಲಿಲ್ಲ ಅಂತ ಅಷ್ಟ ಹೇಳಬೇಕು. ತಡಾ ಆದ್ರ ನೀ ಅಂಜಬ್ಯಾಡ, ಜಲ್ದಿ ಇಲ್ಲ ಅಂತಂದ್ರ ಅಂಜು.’

ಅವರು ಇಷ್ಟು ಅಂಜುತ್ತಿದ್ದುದಕ್ಕೆ ಕಾರಣವಿತ್ತು. ಗದಗಿನ ನಮ್ಮ ರಕ್ತನಿಧಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಶೇಖರಣಾ ಕೇಂದ್ರಗಳಿಗೂ ರಕ್ತ ಹೋಗುತ್ತಿತ್ತು. ನಾಲ್ಕೂ ಕಡೆ ರಕ್ತ ಪಡೆದವರ ಹೆಸರು, ಊರು, ಹಿಂದೆ ಏನಾದರೂ ತೊಂದರೆಯಾಗಿತ್ತೇ ಎಂಬುದು ಒಂದೇ ಕಡೆ ಸೇರುತ್ತಿತ್ತು. ಒಮ್ಮೆ ರಕ್ತ ಹಾಕಿಸಿಕೊಂಡ ಕೆಲವರ ಮೈಯಲ್ಲಿ ಪ್ರತಿಕಾಯ ಹುಟ್ಟುತ್ತದೆ. ಆಮೇಲೆ ಗುಂಪು ಹೊಂದಿದರೂ ಎಲ್ಲರ ರಕ್ತ ಅವರಿಗೆ ಆಗುವುದಿಲ್ಲ. ಅಂಜಿಕೆಯ ಸಂಗತಿ ಎಂದರೆ ವರ್ಷಗಳು ಕಳೆದಂತೆ ಅದು ಮಾಸಿ ಪರೀಕ್ಷೆಯಲ್ಲೂ ಕಾಣದಂತಾಗುತ್ತದೆ. ಕಾಣಲಿಲ್ಲವೆಂದು ರಕ್ತ ಕೊಟ್ಟರೆ ಕೆಲವೇ ದಿನಗಳಲ್ಲಿ ಮತ್ತೆ ಎದ್ದು, ಕೊಟ್ಟ ರಕ್ತವನ್ನೆಲ್ಲ ಒಳಗೇ ಒಡೆದುಹಾಕುತ್ತದೆ. ಹಾಗಾಗಿ ಬಾಟಲಿ ಹೊರಗೆ ಹೋಗುವ ಮುಂಚೆ ಹಳೆಯ ದಾಖಲೆಯನ್ನು ನೋಡಲೇಬೇಕು.

ಕೆಲವು ವರ್ಷಗಳ ಹಿಂದೆ ಸಾಫ್ಟ್‌ವೇರ್ ಕಂಪನಿಯವರು ಹಳೆಯ ಆವೃತ್ತಿಗೆ ಇನ್ನು ನಮ್ಮ ಜವಾಬ್ದಾರಿ ಇಲ್ಲ, ಹೊಸದಕ್ಕೆ ಬನ್ನಿ ಎಂದರು. ಬಾಯಾರು ಆ ಮಾತನ್ನು ಎಷ್ಟು ಸಲ ಮುಂದೂಡಿದರೋ ಅವರಿಗೇ ಗೊತ್ತು. ಆಡಳಿತದವರು ಕರೆದು ‘ನಿಮ್ಮ ಅಂಜಿಕಿ ಸಲುವಾಗಿ ಆಸ್ಪತ್ರಿ ನಿಲ್ಲಸೂಣೇನು?’ ಎಂದ ಮೇಲೆ ಒಪ್ಪಿದರು. ಒಂದು ಭಾನುವಾರ ಹುಬ್ಬಳ್ಳಿಯಿಂದ ಕಂಪನಿಯ ಇಂಜಿನಿಯರ್ ಬಂದ. ಒಳ್ಳೆಯವನು, ಕೆಲಸ ಬಲ್ಲವನು. ಸಂಜೆಯೊಳಗೆ ಹಳೆಯದನ್ನು ತೆಗೆದು ಹೊಸದನ್ನು ಕೂಡಿಸಿದ.

ಸೋಮವಾರ ಬೆಳಗ್ಗೆ ಹೆಸರು ಹುಡುಕಲು ಹೋದರೆ ಪರದೆಯ ಮೇಲಿನ ಚಕ್ರ ತಿರುಗಿದ್ದೇ ತಿರುಗಿದ್ದು. ಮೊದಲು ಶಿರಹಟ್ಟಿಯಿಂದ ಫೋನು ಬಂತು. ‘ಸರ, ಒಂದು ಹೆಸರು ಹೊಡದು ಚಾ ಕುಡದು ಬಂದ್ವಿ ರೀ. ಇನ್ನೂ ತಿರಗಾಕ ಹತ್ತೇತಿ.’ ಲಕ್ಷ್ಮೇಶ್ವರದವರಿಗೆ ಚಹಾದ ತಾಳ್ಮೆಯೂ ಇರಲಿಲ್ಲ, ನೇರ ಬೈದರು. ಮುಂಡರಗಿಯವರು ಒಂದು ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಕೊಡೋಣವೋ ಬೇಡವೋ ಹೇಳಿ ಎಂದು ಕೂತಿದ್ದರು. ಹೆಸರು ಬರುತ್ತಿತ್ತು, ಬಾರದೇ ಏನಿಲ್ಲ, ಆದರೆ ಅದು ಬರುವಷ್ಟರಲ್ಲಿ ಜೀವ ಹೋಗಿ ಬರುತ್ತಿತ್ತು. ಬಾಯಾರು ಕುರ್ಚಿಯಲ್ಲಿ ಕೂರಲೇ ಇಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತರು. ರಕ್ತನಿಧಿಯಲ್ಲಿ ತಡವೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮಧ್ಯಾಹ್ನದ ಹೊತ್ತಿಗೆ ಇಂಜಿನಿಯರ್ ಕಾರಣ ಹಿಡಿದ. ಯಾವ ಕಡತ ಎಷ್ಟು ದೊಡ್ಡದು, ಎಲ್ಲಿ ಏನಿದೆ ಎಂಬ ಅಂದಾಜು ಹಳೆಯದರ ಜೊತೆಗೇ ಹೋಗಿಬಿಟ್ಟಿತ್ತು. ಹೊಸದಕ್ಕೆ ಏನೂ ಗೊತ್ತಿಲ್ಲದೆ ಪ್ರತಿ ಹೆಸರಿಗೂ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಓದುತ್ತಿತ್ತು. ಅವನು ಆ ಅಂದಾಜು ಹೊಸದಾಗಿ ಮಾಡಿಸಿದ. ‘ಬಸವ್ವ’ ಎಂದು ಹೊಡೆದ. ರೆಪ್ಪೆ ಮಿಟುಕಿಸುವಷ್ಟರಲ್ಲಿ ಗದಗ ಜಿಲ್ಲೆಯ ಬಸವ್ವಂದಿರೆಲ್ಲ ಸಾಲಾಗಿ ಬಂದು ನಿಂತರು.

‘ಆತ್ರಿ ಮೇಡಂ’ ಎಂದ.

‘ಆತು’ ಎಂದರು ಬಾಯಾರು.

ನಾನು ತಿರುಗಿ ನೋಡಿದೆ. ಅವರು ಆ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮುಖ ಹಗುರಾಗಿತ್ತು. ಕುರ್ಚಿಯಲ್ಲಿ ಕೂತು, ಚಹಾ ತರಿಸಿ, ಎಂದೂ ಆರಿಸಿ ಕುಡಿಯುವವರು ಅಂದು ಬಿಸಿಬಿಸಿ ಗುಟುಕರಿಸಿದರು. ಅವರು ಹಾಗೆ ಕೂತದ್ದನ್ನು ನೋಡಿ ನನಗೂ ಹಾಯೆನಿಸಿತು.

ಅಷ್ಟರಲ್ಲಿ ಪ್ರಯೋಗಾಲಯದ ಟೆಕ್ನಿಷಿಯನ್ ಒಳಗೆ ಇಣುಕಿದ. ಮೇಲಿನ ಹೆರಿಗೆ ವಾರ್ಡಿನಲ್ಲಿ ಹಿರೇಹಂದಿಗೋಳದ ಸೊಸೆಯೊಬ್ಬಳು, ನಿಂಗವ್ವ ಅಂತ, ಎರಡನೆಯ ಹೆರಿಗೆ, ವಿಪರೀತ ರಕ್ತ ಹೋಗುತ್ತಿದೆ. ಗುಂಪು ಹೊಂದಿದೆ, ಪರೀಕ್ಷೆಯಲ್ಲಿ ದೋಷವಿಲ್ಲ, ಹೆಸರು ಮತ್ತು ಊರು ಹಾಕಿ ನೋಡಿದರೆ ದಾಖಲೆ ಇಲ್ಲ ಎಂದು ಬಂತು, ಕೊಡಲೇ ಎಂದು ಕೇಳಿದ. ಆವೃತ್ತಿ ಬದಲಾದ ಮರುದಿನವೆಂದು ಅವತ್ತು ನಮ್ಮಲ್ಲಿ ಕೊಡುವ ಪ್ರತಿ ಬಾಟಲಿಗೂ ಬಾಯಾರನ್ನು ಕೇಳಬೇಕೆಂಬುದು ಬಾಯಾರದೇ ನೇಮ.

‘ಕೊಡ್ರಿ’ ಎಂದರು. ಅವನು ಹೋದ.

ಕಪ್ಪಿನಲ್ಲಿ ಇನ್ನೂ ಚಹಾ ಇತ್ತು. ಹೊರಗೆ ಗೇಟಿನ ಹತ್ತಿರ ಯಾರೋ ‘ಏ ನಿಂಗ್ಯಾ, ಗಾಡಿ ಆಕಡೆ ತಗಿಯಲೇ’ ಎಂದು ಕೂಗಿದರು. ಇನ್ನೊಬ್ಬರು ‘ಯಾ ನಿಂಗ್ಯಾಗ ಹೇಳಾಕ ಹತ್ತಿಯೋ’ ಎಂದರು. ದಿನವೂ ಕೇಳುವ ಮಾತು. ಬಾಯಾರು ಕಪ್ಪನ್ನು ಮೇಜಿನ ಮೇಲಿಟ್ಟರು.

‘ತಮ್ಮಾ, ಊರು ಹಾಕಬ್ಯಾಡ. ಬರೇ ನಿಂಗವ್ವ ಅಂತ ಹೊಡಿ.’

ಹೊಡೆದೆ. ದಾಖಲೆ ಇಲ್ಲ. ಅವರು ಬದಲಾಯಿಸಿದ್ದ ಮಾತು ಹೊಸ ಆವೃತ್ತಿಯಲ್ಲಿ ಅಳಿಸಿಹೋಗಿ ಹಳೆಯದೇ ಮರಳಿತ್ತೆಂದು ನನಗೆ ಹೊಳೆದದ್ದೂ ಆಗಲೇ. ಕೆಳಗೆ ಸಿಕ್ಕವರ ಸಂಖ್ಯೆ ಇತ್ತು, ಸೊನ್ನೆ.

ನಾನು ಮಂಕಾಗಿ ನೋಡುತ್ತಿದ್ದೆ. ಬಾಯಾರು ತೀರ ಸಣ್ಣ ದನಿಯಲ್ಲಿ, ‘ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ. ಎಲ್ಲಾ ಕೂಡಿ ಒಬ್ಬಾಕಿ ನಿಂಗವ್ವ ಇಲ್ಲಂದ್ರ?’ ಎಂದರು.

ನಮ್ಮ ಭಾಗದಲ್ಲಿ ಒಂದು ಓಣಿಯಲ್ಲಿ ನಿಂತು ನಿಂಗವ್ವಾ ಎಂದು ಕರೆದರೆ ನಾಲ್ಕು ಬಾಗಿಲಿಂದ ಓ ಎನ್ನುತ್ತಾರೆ. ಗಂಗವ್ವ ಎಂದು ಹೊಡೆಸಿದರು. ಸೊನ್ನೆ. ಶಂಕ್ರಪ್ಪ. ಸೊನ್ನೆ. ಮತ್ತೆ ಬಸವ್ವ. ಬಸವ್ವಂದಿರು ಮೊದಲಿನಂತೆಯೇ ಸಾಲಾಗಿ ಬಂದರು. ‘ಸೊನ್ನಿ ಇದ್ದವ್ರೆಲ್ಲ ಹೋಗ್ಯಾರ’ ಎಂದರು ಬಾಯಾರು. ಹೆಸರಿನೊಳಗಿನ ಆ ಅನುಸ್ವಾರಕ್ಕೆ ನಾವು ಸೊನ್ನೆ ಎಂದೇ ಅನ್ನುವುದು.

ಅದು ಹೇಗಾಯಿತೆಂಬುದನ್ನು ಆಮೇಲೆ ಅವರೇ ನನಗೆ ತಿಳಿಸಿ ಹೇಳಿದರು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದ ಸೂಚಿಯೊಂದು ಒಳಗಿರುತ್ತದೆ, ಬೇಗ ಹುಡುಕಲು. ಆ ಸೂಚಿ ಹಳೆಯ ಕ್ರಮದಲ್ಲಿತ್ತು. ಸೊನ್ನೆಯ ಅಕ್ಷರ ಎಲ್ಲಿ ಬರಬೇಕು ಎಂಬ ಲೆಕ್ಕ ಹೊಸ ಆವೃತ್ತಿಯಲ್ಲಿ ಬೇರೆ. ‘ಅಡಗಿಮನ್ಯಾಗ ಡಬ್ಬಿ ಹಿರೇ ಸೊಸಿ ಇಟ್ಟಂಗ ಅದಾವ ನೋಡು. ಹೊಸಾ ಸೊಸಿ ಬಂದು ತನ್ನ ಅಂದಾಜಿನ್ಯಾಗ ಕೈ ಹಾಕಿ, ಜೀರಗಿ ಇಲ್ಲ ಅಂತಾಳ.’ ಬೆಳಗ್ಗೆ ನಿಧಾನವಾಗಿದ್ದಾಗ ಅದು ಸೂಚಿಯ ಗೊಡವೆಗೆ ಹೋಗದೆ ಎಲ್ಲ ಡಬ್ಬಿ ತೆಗೆದು ನೋಡುತ್ತಿತ್ತು, ಖರೆ ಹೇಳುತ್ತಿತ್ತು. ಬೇಗ ಆದ ಮೇಲೆ ಸುಳ್ಳು ಹೇಳತೊಡಗಿತ್ತು.

ಆ ಕ್ಷಣದಲ್ಲಿ ಇದೆಲ್ಲ ಹೇಳುವಷ್ಟು ಪುರಸೊತ್ತು ಎಲ್ಲಿತ್ತು. ‘ಸೂಚಿ ಬಿಟ್ಟು ಪೂರಾ ಓದಸ್ರಿ, ಮುಂಜಾನಿ ಓದಿದಂಗ’ ಎಂದು ಇಂಜಿನಿಯರನಿಗೆ ಹೇಳಿ, ನನ್ನನ್ನು ಪರದೆಯ ಮುಂದೆ ಕೂಡಿಸಿ ಬಾಯಾರು ಹೊರಗೆ ಓಡಿದರು. ಹೌದು, ಓಡಿದರು. ವಾರ್ಡಿನ ಫೋನನ್ನು ಯಾರೂ ಎತ್ತುತ್ತಿರಲಿಲ್ಲ. ಪಕ್ಕದ ಕಂಬಿ ಹಿಡಿಯದೆ ಆ ಹೆಣ್ಣುಮಗಳು ಮೆಟ್ಟಿಲು ಹತ್ತಿದ್ದನ್ನು ಕಂಡವರು ಇಂದಿಗೂ ಹೇಳುತ್ತಾರೆ.

ಮೇಲೆ ನಡೆದದ್ದನ್ನು ನಾನು ನರ್ಸ್ ಬಾಯಿಂದ ಕೇಳಿದ್ದು. ಬಾಟಲಿ ತೂಗುಹಾಕಿ ನಳಿಕೆ ಹಚ್ಚಿದ್ದರಂತೆ, ಹನಿ ಇನ್ನೂ ಬಿಟ್ಟಿರಲಿಲ್ಲ. ಬಾಯಾರು ಹೋದವರೇ ಅದನ್ನು ಇಳಿಸಿಕೊಂಡು ಎದೆಗವಚಿಕೊಂಡು ನಿಂತರು. ಡಾಕ್ಟರು ಸಿಟ್ಟಾದರು. ಹುಡುಗಿ ಬೆಳ್ಳಗಾಗಿದ್ದಾಳೆ, ನಾಡಿ ಸಿಗುತ್ತಿಲ್ಲ, ಇದು ಆಟವಾಡುವ ಹೊತ್ತೇ ಎಂದರು. ‘ಹಳೇ ದಾಖಲೆ ಐತಂತ ನಿಮಗ ಖಾತ್ರಿ ಐತೇನು?’

‘ಖಾತ್ರಿ ಇಲ್ರಿ ಸರ. ಅಂಜಿಕಿ ಐತಿ’ ಎಂದರಂತೆ.

ನಿಂಗವ್ವನ ಅತ್ತೆ ಬಾಯಿ ಬಾಯಿ ಬಡಿದುಕೊಂಡಳು. ‘ಕೈಗೆ ಬಂದ ಬಾಟ್ಲಿ ಕಸಗೊಂಡು ನಿಂತಾಳಲ್ರಿ. ಇಕಿ ಎಂಥಾ ಹೆಣ್ಮಗಳು. ನನ್ನ ಸೊಸಿ ಸತ್ರ ಇಕಿನ ಹೊಣಿ.’ ಅವಳ ಮಾತಿನಲ್ಲಿ ತಪ್ಪೇನಿತ್ತು? ದಾಖಲೆ ನಿಜಕ್ಕೂ ಇರದೆ, ತಡವಾಗಿಯೇ ನಿಂಗವ್ವ ಹೋಗಿದ್ದರೆ, ಅವಳನ್ನು ಕೊಂದವರು ಬಾಯಾರೇ ಆಗುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ಆದರೂ ಬಾಟಲಿ ಬಿಡಲಿಲ್ಲವಂತೆ.

ಕೆಳಗೆ ನಾನು ಬೆಳಗಿನಿಂದ ಶಪಿಸಿದ್ದ ಅದೇ ಚಕ್ರದ ಮುಂದೆ ಕೂತಿದ್ದೆ. ಅದು ತಿರುಗುತ್ತಿತ್ತು. ಅಷ್ಟು ಅಂಜಿಕೆ ನನಗೆ ಆ ಮುಂಚೆಯೂ ಆಗಿಲ್ಲ, ಆಮೇಲೂ ಆಗಿಲ್ಲ. ಸಿಗದಿದ್ದರೆ ಎಂದು ಒಂದು ಅಂಜಿಕೆ, ಸಿಕ್ಕರೆ ಎಂದು ಇನ್ನೊಂದು. ಇಂಜಿನಿಯರ್ ಒಳಗೊಳಗೇ ದೇವರ ಹೆಸರು ಹೇಳುತ್ತಿದ್ದನೋ ನಮ್ಮನ್ನು ಬಯ್ಯುತ್ತಿದ್ದನೋ ತಿಳಿಯಲಿಲ್ಲ. ಕೊನೆಗೆ ನಿಂಗವ್ವಂದಿರು ಒಬ್ಬೊಬ್ಬರಾಗಿ ಬರತೊಡಗಿದರು. ಅವರ ನಡುವೆ ಒಬ್ಬಳು: ಗಂಡನ ಮನೆ ಹಿರೇಹಂದಿಗೋಳ, ತವರು ಹಿರೇವಡ್ಡಟ್ಟಿ, ಮುಂಡರಗಿಯಲ್ಲಿ ಹೆರಿಗೆ, ರಕ್ತ ಕೊಡಲಾಗಿದೆ, ಪ್ರತಿಕಾಯ ಇದೆ. ಪಕ್ಕದಲ್ಲಿ ಕೆಂಪು ಗುರುತು.

ನಾನು ಮೆಟ್ಟಿಲು ಹತ್ತಿದ್ದು ನನಗೆ ನೆನಪಿಲ್ಲ. ವಾರ್ಡಿನ ಬಾಗಿಲಲ್ಲಿ ನಿಂತು ‘ಐತಿ’ ಎಂದಷ್ಟೇ ಹೇಳಿದೆ. ಟೆಕ್ನಿಷಿಯನ್ ಫ್ರಿಜ್ಜಿನಲ್ಲಿದ್ದ ಅದೇ ಗುಂಪಿನ ಬಾಟಲಿಗಳನ್ನು, ದಾಖಲೆಯಲ್ಲಿದ್ದ ಆ ಪ್ರತಿಕಾಯಕ್ಕೆ ಹೊಂದುತ್ತವೆಯೇ ಎಂದು, ಒಂದೊಂದಾಗಿ ಪರೀಕ್ಷಿಸುತ್ತ ಹೋದ. ಇದು ಆಗದು, ಇದೂ ಆಗದು. ಆ ಹೊತ್ತು ಹೇಗೆ ಕಳೆಯಿತೆಂದು ಬರೆಯಲು ನನಗೆ ಬರುವುದಿಲ್ಲ. ಆಗುವಂಥದು ಸಿಕ್ಕಿತು. ಅದು ಹನಿಹನಿಯಾಗಿ ಇಳಿಯತೊಡಗಿದಾಗ ನಿಂಗವ್ವನ ಉಗುರಿನ ಬಣ್ಣ ಮರಳುವುದನ್ನೇ ನೋಡುತ್ತ ಅವಳ ಅತ್ತೆ ಗೋಡೆಗೊರಗಿ ಕೂತಳು. ಮಗು ಪಕ್ಕದ ತೊಟ್ಟಿಲಲ್ಲಿ ಗಟ್ಟಿಯಾಗಿ ಅಳುತ್ತಿತ್ತು.

ಬಾಯಾರು ಕೆಳಗೆ ಬಂದು ಮೊದಲು ಮಾಡಿದ ಕೆಲಸ, ಬೇಗ ಆದಾಗಿನಿಂದ ಯಾರ್‍ಯಾರಿಗೆ ‘ಇಲ್ಲ’ ಎಂದು ಹೇಳಿದ್ದೇವೆ ಎಂದು ನಾಲ್ಕೂ ಕಡೆ ವಿಚಾರಿಸಿದ್ದು. ಶಿರಹಟ್ಟಿಯಲ್ಲಿ ಒಬ್ಬ ಮುದುಕನಿಗೆ ಕೊಟ್ಟಿದ್ದರು, ಅವನ ಹೆಸರಿನಲ್ಲಿ ಸೊನ್ನೆ ಇರಲಿಲ್ಲ. ಸೂಚಿಯನ್ನು ಹೊಸ ಕ್ರಮದಲ್ಲಿ ಮತ್ತೆ ಕಟ್ಟಿಸಿದ ಮೇಲೆ ಎಲ್ಲರೂ ಮರಳಿ ಬಂದರು. ಇಂಜಿನಿಯರ್ ಅವರಿಗೆ ಕೈ ಮುಗಿದ. ಅವರು ಅವನನ್ನು ಒಂದು ಮಾತೂ ಅನ್ನಲಿಲ್ಲ. ಅಂದದ್ದು ತಮ್ಮನ್ನೇ. ‘ಚಾ ಕುಡಿಯೋ ಹೊತ್ತು ನನಗ ಅಂಜಿಕಿ ಇರಲಿಲ್ಲ ನೋಡು ತಮ್ಮಾ. ಅಷ್ಟ ಹೊತ್ತು ನಾ ಎಲ್ಲಿ ಹೋಗಿದ್ದೆ?’ ಆ ಪ್ರಶ್ನೆ ನನ್ನನ್ನು ಈಗಲೂ ಹೆದರಿಸುತ್ತದೆ.

ನಿಂಗವ್ವನನ್ನು ಮನೆಗೆ ಕಳಿಸುವ ದಿನ ಬಾಯಾರು ನನ್ನನ್ನೂ ಕರೆದುಕೊಂಡು ವಾರ್ಡಿಗೆ ಹೋದರು. ಅಷ್ಟರಲ್ಲಿ ಡಾಕ್ಟರು ಅತ್ತೆಗೆ ಎಲ್ಲ ಹೇಳಿದ್ದರು. ಆಕೆ ಎದ್ದು ಬಂದು ಬಾಯಾರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ‘ಏನೇನೋ ಅಂದೆ ರೀ ನಿಮಗ. ಹೊಟ್ಯಾಗ ಹಾಕ್ಕೋರಿ. ನೀವು ಇರಲಿಲ್ಲಂದ್ರ ಇಕಿ ಉಳೀತಿರಲಿಲ್ಲ.’

‘ಆ ಬಾಟ್ಲಿ ಕೊಡ್ರಿ ಅಂತ ಹೇಳಿದಾಕಿನೂ ನಾನ ರೀ ಯವ್ವಾ’ ಎಂದರು ಬಾಯಾರು.

ಅತ್ತೆ ಕೈ ಬಿಟ್ಟಳು. ಮಗುವಿನ ಕಡೆಗೆ ಒಂದು ಹೆಜ್ಜೆ ಸರಿದು ನಿಂತಳು. ನಾನು ನೆಲ ನೋಡಿದೆ. ಬಾಯಾರು ಮಂಚದ ಹತ್ತಿರ ಹೋಗಿ, ‘ಮೊದಲನೇ ಹೆರಿಗ್ಯಾಗ ನಿನಗ ರಗತ ಹಾಕಿದ್ರಲ್ಲವಾ. ಯಾಕ ಹೇಳಲಿಲ್ಲ?’ ಎಂದರು.

ನಿಂಗವ್ವ ಅತ್ತೆಯ ಮುಖ ನೋಡಿದಳು. ಚೊಚ್ಚಲ ಹೆರಿಗೆ ತವರಿನಲ್ಲಿ. ಅಲ್ಲಿ ಆದದ್ದು ಗಂಡನ ಮನೆಗೆ ಗೊತ್ತಾದರೆ ಹುಡುಗಿಯೇ ರೋಗಿಷ್ಟೆ ಎಂದಾರೆಂದು ಅವಳ ಅವ್ವ ಬಾಯಿ ಬಿಡಬೇಡ ಎಂದಿದ್ದಳು. ಮುಂಡರಗಿಯಲ್ಲಿ ಕೊಟ್ಟ ಎಚ್ಚರಿಕೆಯ ಚೀಟಿಯೂ ಅಲ್ಲೇ ಉಳಿದಿತ್ತು. ಇಷ್ಟನ್ನು ಅವಳು ಬಿಕ್ಕುತ್ತ ಹೇಳಿದಳು.

‘ಇನ್ನ ಯಾ ಆಸ್ಪತ್ರಿಗೆ ಹೋದ್ರೂ ಮೊದಲ ಏನು ಹೇಳ್ತಿ? ಹೇಳು’ ಎಂದರು ಬಾಯಾರು, ತರಗತಿಯಲ್ಲಿ ಕೇಳುವಂತೆ. ‘ಕಂಪ್ಯೂಟರ್ ಇಲ್ಲಂತೈತಿ, ಡಾಕ್ಟರ್ ಇಲ್ಲಂತಾರ, ನಮ್ಮಂಥಾವ್ರು ಇಲ್ಲಂತೀವಿ. ನೀ ಏನು ಹೇಳ್ತಿ?’

‘ನನಗ ಎಲ್ಲಾರ ರಗತ ಆಗೂದಿಲ್ರಿ.’

‘ಕೇಳಸಲಿಲ್ಲ.’

‘ನನಗ ಎಲ್ಲಾರ ರಗತ ಆಗೂದಿಲ್ರಿ.’ ಕಣ್ಣಲ್ಲಿ ಹೆದರಿಕೆ ತುಂಬಿತ್ತು. ಅವಳಿಗೆ ಸತ್ತು ಬದುಕಿದ ಅರಿವು ಬಂದದ್ದು ಬಹುಶಃ ಆಗಲೇ. ‘ಇನ್ನೊಮ್ಮಿ’ ಎಂದರು ಬಾಯಾರು. ಆ ಸಲ ಅತ್ತೆಯೂ ಜೊತೆಗೆ ಹೇಳಿದಳು. ‘ನಮ್ಮ ಸೊಸಿಗೆ ಎಲ್ಲಾರ ರಗತ ಆಗೂದಿಲ್ರಿ’ ಎಂದು.

ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ‘ಹಸೀ ಬಾಣಂತಿನ್ನ ಹಂಗ್ಯಾಕ ಅಂಜಿಸಿದ್ರಿ ಬಾಯಾರ?’ ಎಂದೆ, ಸಿಟ್ಟಿನಿಂದಲೇ.

ಅವರು ಮೆಟ್ಟಿಲ ಮೇಲೆ ಎರಡೂ ಪಾದ ಜೋಡಿಸಿ ನಿಂತರು.

‘ಆಕಿ ಸಲುವಾಗಿ ನಾ ಎಷ್ಟು ದಿನ ಅಂಜಲಿ ತಮ್ಮಾ? ಒಮ್ಮಿ ಚಾ ಕುಡಿಯೂದ್ರಾಗ ಮರತು ಕುಂತೆ. ಆಕಿ ಅಂಜಿಕಿ ಆಕಿ ಕಡೇನ ಇರ್ಲಿ.’